ಭೌತವಿಜ್ಞಾನಿಗಳು ಬಿ.ಎಸ್ಸಿ. ಓದಿದ್ದೆಲ್ಲಿ?

ವಿಜ್ಞಾನಿಯೊಬ್ಬರಿಗೆ ದೊಡ್ಡ ಪ್ರಶಸ್ತಿ ಬಂದರೆ ಮರುದಿನದ ಪತ್ರಿಕೆಗಳಲ್ಲಿ ಅವರ ಪರಿಚಯ ಬರುತ್ತದೆ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ., ಇನ್ನೊಂದರಲ್ಲಿ ಅದರ ಮುಂದಿನ ಸಂಶೋಧನೆ, ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆ, ಇಷ್ಟು ಪ್ರಬಂಧ, ಇಷ್ಟು ಗೌರವ ಡಾಕ್ಟರೇಟು. ಬಿ.ಎಸ್ಸಿ. ಎಲ್ಲಿ ಓದಿದರು ಎಂಬುದು ಅರ್ಧ ಸಾಲಿನಲ್ಲಿ ಮುಗಿದುಹೋಗುತ್ತದೆ. ಹೈಸ್ಕೂಲಿನ ಹೆಸರಂತೂ ಬಹುಮಟ್ಟಿಗೆ ಇರುವುದೇ ಇಲ್ಲ. ಓದುವ ಮಕ್ಕಳಿಗೆ, ಅವರ ತಂದೆತಾಯಿಗೆ ಇದರಿಂದ ಒಂದು ತಪ್ಪು ಕಲ್ಪನೆ ಹುಟ್ಟುತ್ತದೆ: ವಿಜ್ಞಾನಿಯಾಗುವವರು ಮೊದಲಿನಿಂದಲೂ ದೊಡ್ಡ ಹೆಸರಿನ ಸಂಸ್ಥೆಗಳಲ್ಲೇ ಬೆಳೆದವರು, ನಮ್ಮ ತಾಲ್ಲೂಕಿಗೂ ಅದಕ್ಕೂ ಸಂಬಂಧವಿಲ್ಲ ಎಂದು. ಚಿಕ್ಕಬಳ್ಳಾಪುರ ಜಿಲ್ಲೆಯ ಚರಿತ್ರೆ ಬೇರೆಯೇ ಹೇಳುತ್ತದೆ. ಭೌತವಿಜ್ಞಾನ ಮತ್ತು ವಸ್ತುವಿಜ್ಞಾನದ ಸಂಶೋಧಕರು ಬಂದ ದಾರಿಯನ್ನು ಹಿಂದಿನಿಂದ ಮುಂದಕ್ಕೆ ಓದಿದರೆ, ಅವರ ಬದುಕು ತಿರುಗಿದ್ದು ಪರದೇಶದ ಪ್ರಯೋಗಾಲಯದಲ್ಲಲ್ಲ. ಹದಿನೈದರಿಂದ ಇಪ್ಪತ್ತೊಂದರ ವಯಸ್ಸಿನ ನಡುವೆ, ಕೈಗೆಟಕುವ ಒಂದು ಸರ್ಕಾರಿ ಕಾಲೇಜು, ಉಳಿಯಲು ಒಂದು ಸೂರು, ಹೆಸರು ಹಿಡಿದು ಕರೆಯುವ ಒಬ್ಬ ಮೇಷ್ಟ್ರು ಇದ್ದ ಕಡೆ.

ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ಹುಟ್ಟಿದ ಈ ಜಿಲ್ಲೆಯ ಜೊತೆ ಮೂರು ಹೆಸರುಗಳು ತಳುಕು ಹಾಕಿಕೊಂಡಿವೆ. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಎಲ್ಲರಿಗೂ ಗೊತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ಭೌತವಿಜ್ಞಾನಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಮೂರನೆಯವರು ಸಿ.ಎನ್.ಆರ್. ರಾವ್; ಆ ಇನಿಷಿಯಲ್ಲಿನ ಮೊದಲ ಅಕ್ಷರವೇ ಇದೇ ಜಿಲ್ಲೆಯ ಚಿಂತಾಮಣಿ. ಅವರು ಹುಟ್ಟಿದ್ದು 1934ರಲ್ಲಿ, ಬೆಂಗಳೂರಿನಲ್ಲಿ. ಚಿಂತಾಮಣಿ ಅವರ ಹೆಸರಿನಲ್ಲಿ ಉಳಿದ ಊರು. ಒಬ್ಬರು ಎಂಜಿನಿಯರ್, ಒಬ್ಬರು ನ್ಯೂಕ್ಲಿಯರ್ ಭೌತಶಾಸ್ತ್ರ ಓದಿದವರು, ಒಬ್ಬರು ಘನವಸ್ತುಗಳ ರಸಾಯನಶಾಸ್ತ್ರಜ್ಞರು. ಬೇರೆ ಬೇರೆ ಕಾಲ, ಮೂರು ಬಗೆಯ ಮನೆತನ. ಆದರೂ ಮೂವರ ಓದಿನಲ್ಲೂ ಒಂದೇ ಹೆಸರು ಬರುತ್ತದೆ: ಬೆಂಗಳೂರಿನ ಸೆಂಟ್ರಲ್ ಕಾಲೇಜು. ವಿಶ್ವೇಶ್ವರಯ್ಯನವರು ಅಲ್ಲಿಂದ 1881ರಲ್ಲಿ ಬಿ.ಎ. ಮುಗಿಸಿದರು. ನರಸಿಂಹಯ್ಯನವರು 1946ರಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಪಡೆದರು. ರಾವ್ 1951ರಲ್ಲಿ, ಹದಿನೇಳನೆಯ ವಯಸ್ಸಿಗೇ, ಬಿ.ಎಸ್ಸಿ. ಮಾಡಿಕೊಂಡು ಹೊರಬಿದ್ದರು. ಎಪ್ಪತ್ತು ವರ್ಷದ ಅಂತರದಲ್ಲಿ ಮೂವರೂ ಒಂದೇ ಸರ್ಕಾರಿ ಕಾಲೇಜಿನ ಮೆಟ್ಟಿಲು ಹತ್ತಿದ್ದನ್ನು ಕಾಕತಾಳೀಯ ಎಂದು ತಳ್ಳಿಹಾಕುವಂತಿಲ್ಲ. ಹಳೇ ಮೈಸೂರಿನ ಈ ಭಾಗದಲ್ಲಿ ವಿಜ್ಞಾನ ಕಲಿಯಬೇಕೆಂದವರಿಗೆ ಬೇರೆ ಬಾಗಿಲೇ ಹೆಚ್ಚುಕಡಿಮೆ ಇರಲಿಲ್ಲ.

ಆ ಬಾಗಿಲವರೆಗೆ ತಲುಪುವುದು ಹೇಗೆ ಎಂಬುದೇ ಪ್ರಶ್ನೆ. ನರಸಿಂಹಯ್ಯನವರದು ತೀರ ಬಡತನದ ಮನೆ. ಹೊಸೂರಿನಲ್ಲಿ ಮಿಡ್ಲ್ ಸ್ಕೂಲಿನಾಚೆ ಓದಿಗೆ ಅವಕಾಶವಿರಲಿಲ್ಲ. ಅವರಿಗೆ ಪಾಠ ಹೇಳಿದ್ದ ಮುಖ್ಯೋಪಾಧ್ಯಾಯರಿಗೆ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಹೋಗುವ ಸಂದರ್ಭ ಬಂತು. ಅವರು ಈ ಹುಡುಗನನ್ನು ಮರೆಯದೆ ಕರೆಸಿಕೊಂಡರು. ಬಸ್ಸಿಗೆ ದುಡ್ಡಿಲ್ಲದ ಹುಡುಗ 1935ರಲ್ಲಿ ಎರಡು ದಿನ ಕಾಲ್ನಡಿಗೆಯಲ್ಲಿ ಬೆಂಗಳೂರು ತಲುಪಿದ. ಈ ನಡಿಗೆಯನ್ನು ಭಾಷಣಗಳಲ್ಲಿ ಬಹಳ ಮಂದಿ ಹೇಳುತ್ತಾರೆ, ಛಲವಿದ್ದರೆ ಸಾಕು ಎಂಬುದಕ್ಕೆ ಸಾಕ್ಷಿಯಾಗಿ. ಅದರ ಇನ್ನೊಂದು ತುದಿಯನ್ನು ಯಾರೂ ಹೇಳುವುದಿಲ್ಲ. ನಡೆದು ಬಂದ ಹುಡುಗನಿಗೆ ಆ ತುದಿಯಲ್ಲಿ ಕರೆದ ಮೇಷ್ಟ್ರಿದ್ದರು, ಸೇರಿಸಿಕೊಳ್ಳುವ ಶಾಲೆಯಿತ್ತು, ಬಡ ವಿದ್ಯಾರ್ಥಿಗಳಿಗೆ ಊಟ ವಸತಿ ಕೊಡುವ ಮನೆಯಿತ್ತು. ಇವು ಮೂರೂ ಇಲ್ಲದಿದ್ದರೆ ಎರಡು ದಿನ ನಡೆದು ಬಂದವನು ಮೂರನೆಯ ದಿನ ವಾಪಸು ನಡೆಯಬೇಕಾಗುತ್ತಿತ್ತು. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ, ಜೈಲಿಗೆ ಹೋದದ್ದರಿಂದ ಓದು ನಿಂತುಹೋಯಿತು. ಹೊರಬಂದ ಮೇಲೆ ಅದೇ ಕಾಲೇಜಿಗೆ ಮರಳಿ ಎಂ.ಎಸ್ಸಿ. ಮುಗಿಸಿದರು. ನಡುವೆ ಬಿಟ್ಟುಹೋದವನನ್ನು ಮತ್ತೆ ಒಳಗೆ ಬಿಟ್ಟುಕೊಳ್ಳುವ ಕಾಲೇಜು ಎಂಬುದು ಕೂಡ ಒಂದು ಶೈಕ್ಷಣಿಕ ಹಿನ್ನೆಲೆಯೇ, ಯಾವ ಬಯೋಡೇಟಾದಲ್ಲಿಯೂ ಅದಕ್ಕೆ ಕಾಲಂ ಇಲ್ಲದಿದ್ದರೂ.

ರಾವ್ ಅವರ ಬಾಲ್ಯ ಇದಕ್ಕೆ ತೀರ ವಿರುದ್ಧ. ತಂದೆ ಶಾಲಾ ಇಲಾಖೆಯ ಇನ್‌ಸ್ಪೆಕ್ಟರು. ತಾಯಿಯೇ ಮನೆಯಲ್ಲಿ ಮೊದಲ ಪಾಠ ಹೇಳಿದರು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಕನ್ನಡ ಮಾಧ್ಯಮ, ಮನೆಯಲ್ಲಿ ಇಂಗ್ಲಿಷ್ ಮಾತು. ಹೊಸೂರಿನ ಹುಡುಗ ಊರಾಚೆಯಿಂದ ಪಡೆದುಕೊಂಡದ್ದನ್ನು ಈ ಹುಡುಗ ಮನೆಯೊಳಗೇ ಪಡೆದ. ಸೆಂಟ್ರಲ್ ಕಾಲೇಜಿನ ನಂತರ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ., 1958ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಪಿಎಚ್.ಡಿ., ಬರ್ಕ್ಲಿಯಲ್ಲಿ ಸ್ವಲ್ಪ ಕಾಲದ ಸಂಶೋಧನೆ. 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಬಂದರು, 1963ರಲ್ಲಿ ಕಾನ್ಪುರ ಐಐಟಿಗೆ ಹೋದರು, 1976ರಲ್ಲಿ ಮತ್ತೆ ಬೆಂಗಳೂರಿಗೆ ಬಂದು ಘನಸ್ಥಿತಿ ರಸಾಯನಶಾಸ್ತ್ರದ ವಿಭಾಗವನ್ನು ಕಟ್ಟಿದರು. 1984ರಿಂದ ಹತ್ತು ವರ್ಷ ಸಂಸ್ಥೆಯ ನಿರ್ದೇಶಕರಾಗಿದ್ದರು. ಬೆಂಗಳೂರಿನ ಉತ್ತರ ಅಂಚಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರ 1989ರಲ್ಲಿ ಹುಟ್ಟಿದ್ದು ಅವರ ಮುಂದಾಳತ್ವದಲ್ಲಿ. 2013ರಲ್ಲಿ ಭಾರತರತ್ನ ಘೋಷಣೆಯಾಯಿತು.

ರಾವ್ ಕೆಲಸ ಮಾಡಿದ ವಸ್ತುವಿಜ್ಞಾನ ಏನು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅದರ ಸ್ವಭಾವಕ್ಕೂ ಅದರ ಸಂಶೋಧಕರ ಹಿನ್ನೆಲೆಗೂ ನಂಟಿದೆ. ಒಂದು ವಸ್ತುವಿನಲ್ಲಿ ಯಾವ ಪರಮಾಣುಗಳಿವೆ ಎಂಬುದಷ್ಟೇ ಅಲ್ಲ, ಅವು ಹೇಗೆ ಜೋಡಣೆಯಾಗಿವೆ ಎಂಬುದರ ಮೇಲೆ ಅದರ ಗುಣ ನಿಂತಿರುತ್ತದೆ. ವನೇಡಿಯಂ ಲೋಹದ ಒಂದು ಆಕ್ಸೈಡು ಸಾಮಾನ್ಯ ಬಿಸಿಯಲ್ಲಿ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಸುಮಾರು 68 ಡಿಗ್ರಿ ಸೆಲ್ಸಿಯಸ್ ದಾಟಿದ ಕೂಡಲೇ ಲೋಹದ ಹಾಗೆ ವರ್ತಿಸತೊಡಗುತ್ತದೆ. ಪರಮಾಣುಗಳು ಅವೇ, ಜೋಡಣೆ ಮಾತ್ರ ಸರಿದಾಡಿರುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ಭೌತಶಾಸ್ತ್ರ ಬೇಕು, ತಯಾರಿಸಲು ರಸಾಯನಶಾಸ್ತ್ರ ಬೇಕು, ಬಳಕೆಗೆ ತರಲು ಎಂಜಿನಿಯರಿಂಗ್ ಬೇಕು. ಹಾಗಾಗಿ ಈ ಕ್ಷೇತ್ರದ ಒಂದೇ ಪ್ರಯೋಗಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ.ಯವರು, ರಸಾಯನಶಾಸ್ತ್ರದವರು, ಮೆಕ್ಯಾನಿಕಲ್ ಅಥವಾ ಮೆಟಲರ್ಜಿ ಬಿ.ಇ. ಮಾಡಿದವರು ಅಕ್ಕಪಕ್ಕದಲ್ಲಿ ಕೂತಿರುತ್ತಾರೆ. ಇದೇ ಜಿಲ್ಲೆಯ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರ್ ಒಬ್ಬರು ಲಾಟಿನಿಂದ ಹಿಡಿ ಗೂಡು ತೆಗೆದು, ಹೆಬ್ಬೆರಳಿನಿಂದ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಇದರಲ್ಲಿ ಎಷ್ಟು ನೂಲು ಬಿಚ್ಚಬಹುದು ಎಂದು ಅಂದಾಜು ಮಾಡುತ್ತಾರಲ್ಲ, ಅವರು ಪರೀಕ್ಷಿಸುತ್ತಿರುವುದೂ ಒಂದು ವಸ್ತುವಿನ ರಚನೆಯನ್ನೇ. ರೇಷ್ಮೆ ಎಳೆಯ ಒಳಗಿರುವುದು ಫೈಬ್ರಾಯಿನ್ ಎಂಬ ಪ್ರೋಟೀನು, ಅದನ್ನು ಅಂಟಿಸಿಕೊಂಡಿರುವುದು ಸೆರಿಸಿನ್. ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವುದು ಆ ಅಂಟು ಸಡಿಲವಾಗಲಿ ಎಂದು. ಫೈಬ್ರಾಯಿನ್ ಸರಪಳಿಗಳು ಮಡಿಕೆ ಮಡಿಕೆಯಾಗಿ ಒತ್ತೊತ್ತಾಗಿ ಕೂತಿರುವುದೇ ಎಳೆಯ ಗಟ್ಟಿತನದ ಗುಟ್ಟು. ಇದೇ ಪ್ರೋಟೀನನ್ನು ಗಾಯದ ಹೊಲಿಗೆಗೆ, ಜೀವಕೋಶ ಬೆಳೆಸುವ ಹಂದರಕ್ಕೆ ಬಳಸುವ ಬಗ್ಗೆ ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ಕೆಲಸ ನಡೆಯುತ್ತಿದೆ. ಶಿಡ್ಲಘಟ್ಟದ ಮಕ್ಕಳಿಗೆ ಗೂಡು ಗೊತ್ತು, ಸೆರಿಸಿನ್ ಗೊತ್ತಿರುವುದಿಲ್ಲ. ಎರಡನ್ನೂ ಒಂದೇ ತರಗತಿಯಲ್ಲಿ ಸೇರಿಸಿ ಹೇಳುವವರು ಬೇಕು.

ಜಿಲ್ಲೆಯ ಗಡಿ ದಾಟಿ ನೋಡಿದರೂ ಚಿತ್ರ ಬದಲಾಗುವುದಿಲ್ಲ. ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಮೈಸೂರು ವಿಶ್ವವಿದ್ಯಾಲಯದಿಂದ 1947ರಲ್ಲಿ ಎಂ.ಎಸ್ಸಿ. ಪಡೆದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋದವರು. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣಗಳ ಪ್ರಯೋಗ ಶುರು ಮಾಡಿದವರು ಅವರೇ. ಅದೇ ಗಣಿಯಲ್ಲಿ 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ಉಡುಪಿ ಹತ್ತಿರದ ಅದಮಾರಿನ ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾವ್ ಬಿ.ಎಸ್ಸಿ. ಓದಿದ್ದು ಗೌರಿಬಿದನೂರಿನ ಆಚೆ, ಆಂಧ್ರದ ಅನಂತಪುರದ ಸರ್ಕಾರಿ ಕಾಲೇಜಿನಲ್ಲಿ. ಅವರೂ ಎಂ.ಎಸ್ಸಿ. ಮಾಡಿದ್ದು ಬನಾರಸಿನಲ್ಲಿ, ಸಿ.ಎನ್.ಆರ್. ರಾವ್ ಮುಗಿಸಿದ 1953ರಲ್ಲಿಯೇ. ಭೌತವಿಜ್ಞಾನಿ ರಮಾನಾಥ್ ಕೌಶಿಕ್ ಅವರ ಬಿ.ಎಸ್ಸಿ. ಮೈಸೂರು ವಿಶ್ವವಿದ್ಯಾಲಯದ್ದು, ಎಂ.ಎಸ್ಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಬನಾರಸ್ ಒಂದನ್ನು ಬಿಟ್ಟರೆ ಈ ಪಟ್ಟಿಯಲ್ಲಿರುವುದೆಲ್ಲ ಸಾಮಾನ್ಯ ವಿಶ್ವವಿದ್ಯಾಲಯಗಳು, ಊರ ಕಾಲೇಜುಗಳು. ಪ್ರತಿಷ್ಠಿತ ಸಂಸ್ಥೆಗಳು ಇವರನ್ನು ತಯಾರು ಮಾಡಲಿಲ್ಲ, ತಯಾರಾದವರನ್ನು ಕರೆದುಕೊಂಡವು.

ಕೌಶಿಕ್ ಅವರ ಹೆಸರು ಗೌರಿಬಿದನೂರಿಗೆ ಇನ್ನೊಂದು ರೀತಿಯಲ್ಲಿ ಸೇರಿದೆ. 1986ರ ಸುಮಾರಿಗೆ, ಗುರುತ್ವ ಮುಂತಾದ ನಾಲ್ಕು ಮೂಲಬಲಗಳಲ್ಲದೆ ಐದನೆಯದೊಂದು ಬಲ ಇರಬಹುದೇ ಎಂಬ ಚರ್ಚೆ ಭೌತವಿಜ್ಞಾನದಲ್ಲಿ ಜೋರಾಗಿತ್ತು. ಅದನ್ನು ಪರೀಕ್ಷಿಸಲು ಕೌಶಿಕ್ ಮತ್ತು ಸಂಗಡಿಗರು ಗೌರಿಬಿದನೂರಿನಲ್ಲಿ ನೆಲದಡಿಯ ಪ್ರಯೋಗಾಲಯವೊಂದರಲ್ಲಿ, ಸಣ್ಣ ತಂತಿಗೆ ತೂಗುಹಾಕಿದ ಅತಿ ಸೂಕ್ಷ್ಮ ತಕ್ಕಡಿಯನ್ನಿಟ್ಟು ಅಳತೆ ಮಾಡಿದರು. ಅಂಥ ಬಲದ ಸುಳಿವು ಸಿಗಲಿಲ್ಲ. ಇಲ್ಲ ಎಂದು ಖಚಿತವಾಗಿ ಹೇಳುವುದೂ ಭೌತವಿಜ್ಞಾನದಲ್ಲಿ ಫಲಿತಾಂಶವೇ. ಗೌರಿಬಿದನೂರನ್ನೇ ಆರಿಸಿದ್ದಕ್ಕೆ ಕಾರಣ ಇಲ್ಲಿನ ನೆಲ. ಹಳೆಯ ಗಟ್ಟಿ ಶಿಲೆ, ಕಂಪನ ಕಡಿಮೆ. ಅದೇ ಕಾರಣಕ್ಕೆ 1965ರಲ್ಲಿ ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಯೋಗದೊಂದಿಗೆ ಇಲ್ಲಿ ಭೂಕಂಪನ ಮಾಪಕಗಳ ಜಾಲವೊಂದು ಬಂತು. ಇಪ್ಪತ್ತು ಮಾಪಕಗಳನ್ನು ಎಲ್ ಆಕಾರದಲ್ಲಿ ಕಿಲೋಮೀಟರುಗಟ್ಟಲೆ ಹೊಲಗಳ ನಡುವೆ ಹರಡಿ, ಭೂಮಿಯ ಯಾವುದೇ ಮೂಲೆಯಲ್ಲಿ ನೆಲದಡಿ ನಡೆಯುವ ಅಣುಸ್ಫೋಟದ ಕಂಪನವನ್ನು ಹಿಡಿಯುವ ವ್ಯವಸ್ಥೆ ಅದು. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಅದನ್ನು ನಡೆಸುತ್ತಾರೆ. 1976ರ ಹೊತ್ತಿಗೆ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಜೊತೆಗೂಡಿ ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕವನ್ನೂ ಇಲ್ಲಿ ಕಟ್ಟಿದವು. ಟಿ ಆಕಾರದ ಆ ದೂರದರ್ಶಕದ ಪೂರ್ವ ಪಶ್ಚಿಮ ತೋಳೇ ಸುಮಾರು 1.4 ಕಿಲೋಮೀಟರ್ ಉದ್ದ. ಅದು ಹಿಡಿಯುತ್ತಿದ್ದದ್ದು 34.5 ಮೆಗಾಹರ್ಟ್ಸಿನ ಅಲೆಗಳನ್ನು. ಒಂದೊಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಆ ದೂರದರ್ಶಕದಿಂದ ತಯಾರಾದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. 1997ರಿಂದ ಸೂರ್ಯನ ಹೊರ ವಾತಾವರಣವನ್ನು ಗಮನಿಸುವ ರೇಡಿಯೋ ಹೀಲಿಯೋಗ್ರಾಫ್ ಕೂಡ ಅಲ್ಲಿದೆ.

ಭೂಮಿಯ ಕಂಪನ, ಸೂರ್ಯನ ಸದ್ದು, ಐದನೆಯ ಬಲ ಮೂರಕ್ಕೂ ಒಂದು ತಾಲ್ಲೂಕು ಜಾಗ ಕೊಟ್ಟಿತು. ಉಪಕರಣಗಳು ಬಂದರೆ ಅವುಗಳ ಸುತ್ತ ಸಂಶೋಧಕರೂ ಹುಟ್ಟುತ್ತಾರೆ ಎಂದು ನಾವು ಸುಲಭವಾಗಿ ನಂಬುತ್ತೇವೆ. ಆದರೆ ಗೌರಿಬಿದನೂರಿನ ಈ ಕೆಲಸಗಳಲ್ಲಿ ಹೆಸರಾದವರು ಬಹುಪಾಲು ಬೆಂಗಳೂರು, ಮುಂಬೈಗಳಿಂದ ಬಂದು ಹೋದವರು. ಅವರ ದೋಷವೇನಿಲ್ಲ, ಸಂಶೋಧನಾ ಕೇಂದ್ರದ ಕೆಲಸ ಅಳತೆ ಮಾಡುವುದು, ಪಿಯುಸಿಯ ಪಾಠ ಹೇಳುವುದಲ್ಲ. ಪಕ್ಕದ ಹೊಲದಲ್ಲಿ ಆಂಟೆನಾ ನಿಂತಿದೆ ಎಂದ ಮಾತ್ರಕ್ಕೆ ಆ ಹೊಲದ ಮಗಳು ಭೌತಶಾಸ್ತ್ರ ಆರಿಸಿಕೊಳ್ಳುವುದಿಲ್ಲ. ಆಂಟೆನಾಕ್ಕೂ ಅವಳಿಗೂ ನಡುವೆ ಒಂದು ಬಿ.ಎಸ್ಸಿ. ಕಾಲೇಜು ಬೇಕು. ಭೌತಶಾಸ್ತ್ರದ ಲ್ಯಾಬಿನಲ್ಲಿ ಕೈಯಾರೆ ಒಂದು ಸರ್ಕ್ಯೂಟ್ ಕಟ್ಟಿ, ರೀಡಿಂಗು ತಪ್ಪಾಗಿ ಬಂದದ್ದಕ್ಕೆ ತಲೆ ಕೆರೆದುಕೊಂಡವರಿಗಷ್ಟೇ ಅಲ್ಲಿ ಏನು ನಡೆಯುತ್ತಿದೆ ಎಂಬ ಕುತೂಹಲ ಹುಟ್ಟುತ್ತದೆ.

ಈ ವಾದಕ್ಕೆ ಆಕ್ಷೇಪಗಳಿವೆ. ಗೆದ್ದ ನಾಲ್ಕಾರು ಜನರನ್ನು ಹಿಡಿದು ಸಿದ್ಧಾಂತ ಕಟ್ಟುವುದು ಸರಿಯಲ್ಲ ಎನ್ನಬಹುದು. ಸೋತವರ ಬಯೋಡೇಟಾ ಯಾರ ಬಳಿಯೂ ಇಲ್ಲವಲ್ಲ. ಈ ಆಕ್ಷೇಪ ನ್ಯಾಯವಾದದ್ದು, ಆದರೆ ಅದು ನನ್ನ ವಾದವನ್ನೇ ಬಲಪಡಿಸುತ್ತದೆ. ನರಸಿಂಹಯ್ಯನವರ ಜೊತೆ ಹೊಸೂರಿನ ಶಾಲೆಯಲ್ಲಿ ಕೂತಿದ್ದ ಉಳಿದ ಹುಡುಗರಲ್ಲಿ ಯಾರಿಗೂ ಬುದ್ಧಿಯಿರಲಿಲ್ಲ ಎನ್ನಲು ಆಧಾರವಿಲ್ಲ. ಹುಡುಗಿಯರಂತೂ ಆ ಕಾಲದಲ್ಲಿ ಎರಡು ದಿನ ಒಂಟಿಯಾಗಿ ನಡೆದು ಬೆಂಗಳೂರಿಗೆ ಹೋಗುವ ಮಾತೇ ಇರಲಿಲ್ಲ. ಛಲಕ್ಕೆ ಸಿಗಬೇಕಾದ ಗೌರವ ಸಿಗಲಿ. ಅಸಾಧಾರಣ ಛಲವಿದ್ದವರಿಗೆ ಮಾತ್ರ ದಕ್ಕುವ ಓದು ಒಳ್ಳೆಯ ವ್ಯವಸ್ಥೆ ಎನಿಸಿಕೊಳ್ಳುವುದಿಲ್ಲ.

ಕಾಲ ಬದಲಾಗಿದೆ, ಈಗ ತಾಲ್ಲೂಕಿಗೊಂದು ಪದವಿ ಕಾಲೇಜಿದೆ, ಚಿಕ್ಕಬಳ್ಳಾಪುರದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಿದೆ, ಬೆಂಗಳೂರಿಗೆ ಒಂದೂವರೆ ತಾಸಿನ ದಾರಿ, ಇನ್ನೇನು ಕೊರತೆ ಎಂಬುದು ಇನ್ನೊಂದು ಮಾತು. ಬಾಗಿಲುಗಳು ಹೆಚ್ಚಾಗಿರುವುದು ನಿಜ. ಹಿಂದೆ ಇದ್ದದ್ದು ಒಂದೇ ದಾರಿ. ಈಗ ಪಿಯುಸಿ ಮುಗಿಯುತ್ತಿದ್ದಂತೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಸಂಸ್ಥೆಗಳಾದ ಐಸರ್‌ಗಳು, ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಶುರು ಮಾಡಿದ ಪದವಿ, ಊರಿನ ಬಿ.ಎಸ್ಸಿ., ಬಿ.ಇ., ಎಲ್ಲವೂ ಇವೆ. ಬಿ.ಎಸ್ಸಿ. ಆದವರು ಜಾಮ್ ಪರೀಕ್ಷೆ ಬರೆದು ಐಐಟಿಯ ಎಂ.ಎಸ್ಸಿ.ಗೆ ಹೋಗಬಹುದು. ಬಿ.ಇ. ಆದವರು ಗೇಟ್ ಬರೆದು ವಸ್ತುವಿಜ್ಞಾನದ ಕಡೆಗೆ ಹೊರಳಬಹುದು. ಆದರೆ ಈ ಪ್ರತಿಯೊಂದು ಪರೀಕ್ಷೆಯ ಹೆಸರು, ಅರ್ಜಿಯ ಕೊನೆಯ ದಿನ, ಹಳೆಯ ಪ್ರಶ್ನೆಪತ್ರಿಕೆ, ಇವೆಲ್ಲ ಯಾರಿಗಾದರೂ ಗೊತ್ತಿದ್ದು ಹೇಳಿದರೆ ಮಾತ್ರ ಬಾಗಿಲು. ಮನೆಯಲ್ಲಿ ಓದಿದವರಿರುವ ಮಕ್ಕಳಿಗೆ ಇದು ಊಟದ ಹೊತ್ತಿನ ಮಾತು. ಚಿಂತಾಮಣಿಯ ಟೊಮೆಟೊ ಬೆಳೆಗಾರರ ಮನೆಯಲ್ಲಿ, ಶಿಡ್ಲಘಟ್ಟದ ಬಿಚ್ಚಾಣಿಕೆ ಘಟಕದಲ್ಲಿ ದುಡಿಯುವವರ ಮನೆಯಲ್ಲಿ ಅದನ್ನು ಹೇಳಬೇಕಾದವರು ಕಾಲೇಜಿನ ಅಧ್ಯಾಪಕರು. ಮತ್ತೆ ಅಲ್ಲಿಗೇ ಬಂದೆವು.

ಹೊಟ್ಟೆಪಾಡಿನ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದನ್ನು ಹಗುರವಾಗಿ ನೋಡಬಾರದು. ಬಿ.ಇ. ಮುಗಿಸಿದವನು ಇಪ್ಪತ್ತೆರಡಕ್ಕೆ ಸಂಬಳ ತರುತ್ತಾನೆ. ಸಂಶೋಧನೆಗೆ ಹೊರಟವನು ಬಿ.ಎಸ್ಸಿ., ಎಂ.ಎಸ್ಸಿ.ಗೆ ಐದು ವರ್ಷ, ಪಿಎಚ್.ಡಿ.ಗೆ ಮತ್ತೆ ಐದಾರು ವರ್ಷ, ಆಮೇಲೆ ಎರಡು ಮೂರು ವರ್ಷದ ತಾತ್ಕಾಲಿಕ ಹುದ್ದೆಗಳು ಎಂದು ಮೂವತ್ತು ದಾಟುವವರೆಗೆ ಕಾಯಬೇಕು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಗಿಟ್ಟಿಸಿದರೆ 2023ರ ದರದಂತೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಇದು ತಳ್ಳಿಹಾಕುವ ಮೊತ್ತವಲ್ಲ. ಆದರೆ ಅದು ಶುರುವಾಗುವುದು ಎಂ.ಎಸ್ಸಿ. ಮುಗಿದ ಮೇಲೆ, ಮನೆಯವರ ಕೈ ಬಿಗಿಯಾಗುವುದು ಅದಕ್ಕೂ ಐದು ವರ್ಷ ಮೊದಲು. ಕೇಂದ್ರ ಸರ್ಕಾರ 2008ರಲ್ಲಿ ಶುರು ಮಾಡಿದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಮೂಲವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ ಕೊಡುವುದು ಆ ತೂತನ್ನು ಮುಚ್ಚಲೆಂದೇ. ಆದರೆ ಅದು ಸಿಗುವುದು ಹೆಚ್ಚಾಗಿ ಪಿಯುಸಿಯಲ್ಲಿ ತುಂಬ ಮೇಲಿನ ಅಂಕ ಪಡೆದ ಕೆಲವರಿಗೆ. ಪಿಎಚ್.ಡಿ. ಆದವರೆಲ್ಲ ಪ್ರಾಧ್ಯಾಪಕರಾಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕೆಲವರು ಪರಮಾಣು, ಬಾಹ್ಯಾಕಾಶ, ರಕ್ಷಣಾ ಇಲಾಖೆಗಳ ಪ್ರಯೋಗಾಲಯ ಸೇರುತ್ತಾರೆ, ಕೆಲವರು ಕಂಪನಿಗಳ ಸಂಶೋಧನಾ ವಿಭಾಗಕ್ಕೆ ಹೋಗುತ್ತಾರೆ, ತುಂಬ ಜನ ಪಾಠ ಹೇಳುತ್ತಾರೆ. ಈ ಲೆಕ್ಕಾಚಾರ ಗೊತ್ತಿದ್ದೂ ಮಗಳನ್ನು ಎಂಜಿನಿಯರಿಂಗಿಗೇ ಕಳಿಸುವ ತಂದೆಯನ್ನು ಅಜ್ಞಾನಿ ಎನ್ನಲಾಗದು. ಭೌತಶಾಸ್ತ್ರದ ಬಿ.ಎಸ್ಸಿ.ಯನ್ನು ಬೇರೇನೂ ಸಿಗದವರ ಕೋರ್ಸು ಎಂದು ಕಾಣುವ ಊರ ಮಾತನ್ನು ಮಾತ್ರ ಒಪ್ಪಲಾಗದು.

ತುಂಬ ಜನ ಪಾಠ ಹೇಳುತ್ತಾರೆ ಎಂದೆ. ಸಂಶೋಧಕರ ಜೀವನಚರಿತ್ರೆ ಬರೆಯುವವರು ಇದನ್ನು ಸೋಲಿನ ಹಾಗೆ ಬರೆಯುವುದುಂಟು. ನರಸಿಂಹಯ್ಯನವರು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ 1960ರಲ್ಲಿ ಪಿಎಚ್.ಡಿ. ಪಡೆದರು, ವಾಪಸು ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು. ಪ್ರಬಂಧಗಳ ಎಣಿಕೆಯಲ್ಲಿ ನೋಡಿದರೆ ಅವರ ಸಂಶೋಧನೆ ಅಲ್ಲಿಗೆ ನಿಂತಿತು. ಆದರೆ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುವಾಯಿತು. ವಿಜ್ಞಾನಿಗಳು ಪ್ರಯೋಗಾಲಯ ಬಿಟ್ಟು ಬಂದು ಬಸವನಗುಡಿಯ ಕಾಲೇಜು ಹುಡುಗರೆದುರು, ನಿವೃತ್ತ ಗುಮಾಸ್ತರೆದುರು ತಮ್ಮ ಕೆಲಸವನ್ನು ವಿವರಿಸಿದರು. 1972ರಿಂದ 1977ರವರೆಗೆ ಕುಲಪತಿ. 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ್ದು ದೇಶವೆಲ್ಲ ಸುದ್ದಿಯಾಯಿತು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕೆಲಸ ಸದ್ದಿಲ್ಲದೆ ನಡೆದದ್ದು: ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳು ಬಂದವು. ತಾನು ಎರಡು ದಿನ ನಡೆದು ಹುಡುಕಿಕೊಂಡು ಹೋದದ್ದನ್ನು ಮುಂದಿನವರಿಗೆ ನಡೆಯುವಷ್ಟು ಹತ್ತಿರಕ್ಕೆ ತಂದಿಟ್ಟರು. ಅವರು ಸಂಶೋಧನೆಯಲ್ಲೇ ಉಳಿದಿದ್ದರೆ ಒಂದಷ್ಟು ಪ್ರಬಂಧ ಹೆಚ್ಚು ಬರುತ್ತಿದ್ದವೇನೋ. ಅವು ಬಾರದೆ ಹೋದದ್ದು ನಾಡಿಗೆ ನಷ್ಟವೇ ಎಂದು ಕೇಳಿದರೆ ಸಿ.ಎನ್.ಆರ್. ರಾವ್ ಅವರಂಥವರ ಸಾಧನೆಯನ್ನು ಕಿರಿದು ಮಾಡದೆಯೂ ಇಲ್ಲ ಎನ್ನಬಹುದು. ಒಬ್ಬರು ಸಂಶೋಧನಾ ಕೇಂದ್ರ ಕಟ್ಟಿದರು, ಇನ್ನೊಬ್ಬರು ಅದಕ್ಕೆ ಬರಬೇಕಾದ ಮಕ್ಕಳು ಓದುವ ಜಾಗ ಕಟ್ಟಿದರು.

ಆ ಎರಡರ ನಡುವಿನ ದೂರ ಇವತ್ತು ಕಿಲೋಮೀಟರಿನಲ್ಲಿ ಹೆಚ್ಚೇನಿಲ್ಲ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಬಸ್ಸು ಜಕ್ಕೂರು ದಾಟಿಯೇ ಹೋಗಬೇಕು. ನೆಹರೂ ಕೇಂದ್ರ ಹೆದ್ದಾರಿಯಿಂದ ಸ್ವಲ್ಪ ಒಳಗಿದೆ. ಬಿ.ಎಸ್ಸಿ. ವಿದ್ಯಾರ್ಥಿಗಳನ್ನು ಆರಿಸಿ ಬೇಸಿಗೆ ರಜೆಯಲ್ಲಿ ಪ್ರಯೋಗಾಲಯದ ಕೆಲಸಕ್ಕೆ ಹಚ್ಚುವ ಕಾರ್ಯಕ್ರಮಗಳನ್ನು ಆ ಕೇಂದ್ರ ವರ್ಷಗಳಿಂದ ನಡೆಸಿಕೊಂಡು ಬಂದಿದೆ. ದೇಶದ ವಿಜ್ಞಾನ ಅಕಾಡೆಮಿಗಳೂ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಇಂಥ ಅರ್ಜಿಗಳ ಜೊತೆ ಸಾಮಾನ್ಯವಾಗಿ ಪಾಠ ಹೇಳಿದ ಅಧ್ಯಾಪಕರ ಶಿಫಾರಸು ಪತ್ರ ಬೇಕಾಗುತ್ತದೆ: ಈ ವಿದ್ಯಾರ್ಥಿನಿಯನ್ನು ಎಷ್ಟು ದಿನದಿಂದ ಬಲ್ಲಿರಿ, ಲ್ಯಾಬಿನಲ್ಲಿ ಹೇಗೆ ಕೆಲಸ ಮಾಡುತ್ತಾಳೆ, ಏನು ಪ್ರಶ್ನೆ ಕೇಳುತ್ತಾಳೆ ಎಂದು. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರೇ ಪಾಠದ ಭಾರ ಹೊತ್ತಿದ್ದಾರೆ. ವರ್ಷ ವರ್ಷವೂ ಹೊಸದಾಗಿ ನೇಮಕ, ಬರುವ ವರ್ಷ ಇದೇ ಕಾಲೇಜೋ ಬೇರೆಯೋ ಅವರಿಗೇ ಗೊತ್ತಿಲ್ಲ. ಜೂನ್‌ನಲ್ಲಿ ಬಂದು ಮುಂದಿನ ಜೂನ್‌ಗೆ ಇರುತ್ತೇನೋ ಇಲ್ಲವೋ ಎನ್ನುವ ಮೇಷ್ಟ್ರು ಆ ಪತ್ರದ ಮೊದಲ ಪ್ರಶ್ನೆಗೆ ಏನು ಉತ್ತರ ಬರೆಯಬೇಕು?